ಅಜ್ಜಿಯ ಎಕ್ಸ್-ರೇ ಮತ್ತು ಐದು ಸುತ್ತಿನ ಮೋಟಾರು

ನಮ್ಮ ಹತ್ತಿರ ಇದ್ದದ್ದು ಒಂದೇ ಒಂದು ಎಕ್ಸ್-ರೇ ಫಿಲ್ಮು, ಹತ್ತು-ಹನ್ನೆರಡು ಇಂಚಿನದು. ನಮ್ಮಲ್ಲೊಬ್ಬಳ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಾಗ ತೆಗೆಸಿದ್ದು. ಅದರಲ್ಲಿ ಏಳಿಂಚಿನ ಪ್ಲೇಟು ಒಂದು ಆಗುತ್ತೆ, ಎರಡಾಗಲ್ಲ. ಕೆಟ್ಟರೆ ಮುಗೀತು.

ಅಜ್ಜಿ ಸೋಬಾನೆ ಹಾಡುವವರು. ಅರಸೀಕೆರೆ ಕಡೆಯ ಹಳ್ಳಿ. ಮೊಮ್ಮಗಳು ಅಡುಗೆಮನೆಯಲ್ಲೇ ಕೂರಿಸಿಕೊಂಡು ಫೋನಿನಲ್ಲಿ ಒಂದು ಹಾಡು ರೆಕಾರ್ಡ್ ಮಾಡಿದ್ದಳು, 4 ನಿಮಿಷ 40 ಸೆಕೆಂಡು. ಕೇಳಿಸಿದರೆ ಅಜ್ಜಿ ಮುಖ ತಿರುಗಿಸಿದರಂತೆ: "ಫೋನಲ್ಲಿ ಬರೋದು ಮಾತು ಕಣೇ. ಹಾಡು ಅಂದ್ರೆ ಪ್ಲೇಟಲ್ಲಿ ಬರಬೇಕು." ಅವರ ತವರಿನಲ್ಲಿ ಗ್ರಾಮಫೋನ್ ಇತ್ತಂತೆ. ಹಾಸ್ಟೆಲಿಗೆ ಬಂದು ಇದನ್ನು ಹೇಳಿದಾಗ ನಾವು ನಾಲ್ಕು ಜನ ನಕ್ಕೆವು. ಆಮೇಲೆ ಯಾರೋ ಒಬ್ಬರು, ಪ್ಲೇಟು ನಾವೇ ಮಾಡಿದರೆ ಹೇಗೆ ಅಂದರು. ಆ ಸೆಮಿಸ್ಟರು ಹೋದದ್ದು ಹಾಗೆ.

ಎಕ್ಸ್-ರೇ ಮೇಲೆ ಹಾಡು ಮೂಡಿಸುವುದು ನಮ್ಮ ಕಲ್ಪನೆಯಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಲೆನಿನ್‌ಗ್ರಾಡ್‌ನಲ್ಲಿ ನಿಷೇಧಿತ ಹಾಡುಗಳನ್ನು ಆಸ್ಪತ್ರೆಯಿಂದ ತಂದ ಹಳೇ ಎಕ್ಸ್-ರೇಗಳ ಮೇಲೆ ಕೆತ್ತಿ ಕದ್ದು ಮಾರುತ್ತಿದ್ದರು. ಮೂಳೆ ಮೇಲಿನ ಸಂಗೀತ ಅಂತ ಅದಕ್ಕೆ ಹೆಸರು. ಅಜ್ಜಿಯ ಹಾಡು ಅಜ್ಜಿಯ ಸೊಂಟದ ಮೇಲೇ ಬರಲಿ ಅಂತ ಹಠ ಹಿಡಿದವಳು ಮೊಮ್ಮಗಳು.

ಯಂತ್ರ ಕೇಳೋಕೆ ಸುಲಭ. ತಟ್ಟೆ ತಿರುಗುತ್ತೆ. ಅದರ ಮೇಲೆ ಸೂಜಿ. ಸೂಜಿಯನ್ನು ಸಣ್ಣದೊಂದು ಸ್ಪೀಕರು ಅಲುಗಿಸುತ್ತೆ. ಸೂಜಿ ಹೊತ್ತ ಗಾಡಿಯನ್ನು ಒಂದು ಲೀಡ್‌ಸ್ಕ್ರೂ ಅಂಚಿನಿಂದ ಮಧ್ಯಕ್ಕೆ ನಿಧಾನವಾಗಿ ಎಳೆಯುತ್ತೆ. ವರ್ಕ್‌ಶಾಪಿನ ಲೇತ್‌ನಲ್ಲಿ ಥ್ರೆಡ್ ಕಟಿಂಗ್ ಮಾಡಿದವರಿಗೆ ಇದು ಹೊಸದೇನಲ್ಲ. ಲೆಕ್ಕವೂ ಸುಲಭವೇ: ನಿಮಿಷಕ್ಕೆ 33⅓ ಸುತ್ತು, ಗೆರೆಯಿಂದ ಗೆರೆಗೆ 0.15 ಮಿ.ಮೀ. ಅಂದರೆ ಗಾಡಿ ನಿಮಿಷಕ್ಕೆ 5 ಮಿ.ಮೀ. ಹೋಗಬೇಕು. ನಮಗೆ ಸಿಗುವ ಜಾಗ 30 ಮಿ.ಮೀ., ಆರು ನಿಮಿಷ. ಹಾಡು ಆರಾಮಾಗಿ ಕೂರುತ್ತೆ.

ಕ್ಲಬ್ಬಿನ ಮೂಲೆಯಲ್ಲಿ ಸತ್ತ ತ್ರೀಡಿ ಪ್ರಿಂಟರ್ ಒಂದಿತ್ತು. ಅದರಿಂದ ಟಿ8 ಸ್ಕ್ರೂ ಬಿಚ್ಚಿದೆವು, ಒಂದು ಸುತ್ತಿಗೆ 8 ಮಿ.ಮೀ. ಮುಂದೆ ಹೋಗುವಂಥದ್ದು. ಜೊತೆಗೆ ಸ್ಟೆಪ್ಪರ್ ಮೋಟಾರು. ಟಾರ್ಕ್ ಜಾಸ್ತಿ, ಕರಾರುವಾಕ್ಕು, ಸಾಲದ್ದಕ್ಕೆ ಬಿಟ್ಟಿ. ಇನ್ನೇನು ಬೇಕು? ಹಾಸ್ಟೆಲಿನಲ್ಲಿ ಕ್ರಿಕೆಟ್ ಆಡಿ ಕಾಲರ್ ಬೋನ್ ಮುರಿದುಕೊಂಡಿದ್ದವನ ಎಕ್ಸ್-ರೇ ಕೇಳಿ ತಂದು ಮೊದಲ ಪ್ಲೇಟು ಮೂಡಿಸಿದೆವು.

ಹಾಡು ಬಂತು! ನಿಜವಾಗ್ಲೂ ಬಂತು. ಕುಣಿದಾಡಿದೆವು. ಅರ್ಧ ನಿಮಿಷ ಕಳೆದ ಮೇಲೆ ಗಮನಿಸಿದ್ದು, ಹಾಡಿನ ಹಿಂದೆ ಯಾರೋ ಬಾಗಿಲು ತಟ್ಟುತ್ತಿದ್ದರು. ಸೆಕೆಂಡಿಗೆ ಎರಡು ಸಲ, ಟಕ್ ಟಕ್.

ಕೂತು ಲೆಕ್ಕ ಹಾಕಿದಾಗ ನಾಚಿಕೆಯಾಯಿತು. ಸ್ಟೆಪ್ಪರ್ ಒಂದು ಸುತ್ತಿಗೆ 200 ಹೆಜ್ಜೆ. 8 ಮಿ.ಮೀ.ಯನ್ನು 200ರಿಂದ ಭಾಗಿಸಿದರೆ ಹೆಜ್ಜೆಗೆ 40 ಮೈಕ್ರಾನ್. ಗೆರೆಯ ಅಗಲವೇ ಐವತ್ತು-ಅರವತ್ತು ಮೈಕ್ರಾನ್ ಇರುವಾಗ ಗಾಡಿ ಒಂದೊಂದು ಸಲಕ್ಕೆ 40 ಮೈಕ್ರಾನ್ ಜಿಗಿಯುತ್ತಿತ್ತು. ಸೂಜಿ ಪಕ್ಕಕ್ಕೆ ಅಲುಗಿದ್ದೆಲ್ಲ ಪ್ಲೇಟಿನ ಮಟ್ಟಿಗೆ ಹಾಡೇ. ಅಲುಗಿಸಿದ್ದು ಅಜ್ಜಿಯ ದನಿಯೋ ನಮ್ಮ ಮೋಟಾರೋ ಅದಕ್ಕೇನು ಗೊತ್ತು? ಡ್ರೈವರಿನಲ್ಲಿ ಹೆಜ್ಜೆಯನ್ನು ಹದಿನಾರು ಚೂರು ಮಾಡಿದೆವು. ಟಕ್ ಟಕ್ ಹೋಗಿ ಸೆಕೆಂಡಿಗೆ 33 ಸಲದ ಗುಂಯ್ ಬಂತು. ಬಾಗಿಲು ತಟ್ಟುತ್ತಿದ್ದವನು ಒಳಗೆ ಬಂದು ಗೊರಕೆ ಹೊಡೆಯುತ್ತಿದ್ದ ಹಾಗೆ.

ವರ್ಕ್‌ಶಾಪಿನ ಸರ್ ಒಂದು ಮಾತು ಹೇಳಿದರು: "ಹೆಜ್ಜೆ ಇಡೋ ಮೋಟಾರು ಯಾಕ್ರಯ್ಯಾ? ಸುಮ್ಮನೆ ತಿರುಗೋದು ತಗೊಳ್ಳಿ." ಮೈಕ್ರೋವೇವ್ ಓವನ್ನಿನ ಗಾಜಿನ ತಟ್ಟೆ ತಿರುಗಿಸುವ ಪುಟಾಣಿ ಸಿಂಕ್ರೊನಸ್ ಮೋಟಾರು ನೆನಪಾಯಿತು. ಎಸ್.ಪಿ. ರೋಡಿನಲ್ಲಿ ಸಿಕ್ಕಿತು. ಮೇಲೆ '5/6 ಆರ್‌ಪಿಎಂ' ಅಂತ ಬರೆದಿತ್ತು. ನಮ್ಮಲ್ಲಿ ಗಣಿತದಲ್ಲಿ ಚುರುಕಾದವನು ಅಂಗಡಿ ಮುಂದೆಯೇ ಭಾಗಾಕಾರ ಮಾಡಿದ: 0.83. ಅದಕ್ಕೆ 8 ಮಿ.ಮೀ. ಸ್ಕ್ರೂ ಸೇರಿದರೆ ನಿಮಿಷಕ್ಕೆ ಆರೂವರೆ ಮಿ.ಮೀ. ಚಿಲ್ಲರೆ. ಸ್ವಲ್ಪ ಜಾಸ್ತಿ, ಪರವಾಗಿಲ್ಲ ಅಂದುಕೊಂಡೆವು. ಅದು ಭಿನ್ನರಾಶಿಯಲ್ಲ, 50 ಹರ್ಟ್ಸ್ ಇದ್ದರೆ 5 ಸುತ್ತು, 60 ಇದ್ದರೆ 6 ಅಂತ ತಿಳಿದದ್ದು ಗಾಡಿ 45 ಸೆಕೆಂಡಿನಲ್ಲಿ ಮಧ್ಯಕ್ಕೆ ಓಡಿ ಡಿಕ್ಕಿ ಹೊಡೆದ ಮೇಲೆ. ಪ್ಲೇಟಿನ ಮೇಲೆ ಸೊಳ್ಳೆ ಬತ್ತಿ ಮೂಡಿತ್ತು.

ಆ ಸೊಳ್ಳೆ ಬತ್ತಿಯೇ ದಾರಿ ತೋರಿಸಿದ್ದು ಅನ್ನಬೇಕು. ಮೋಟಾರು ನಿಮಿಷಕ್ಕೆ 5 ಸುತ್ತು, ನಮಗೆ ಬೇಕಿದ್ದದ್ದು 5 ಮಿ.ಮೀ. ಹಾಗಾದರೆ ಸುತ್ತಿಗೆ 1 ಮಿ.ಮೀ. ಹೋಗುವ ಸ್ಕ್ರೂ ಸಾಕು. ಹಾರ್ಡ್‌ವೇರ್ ಅಂಗಡಿಯ ಮಾಮೂಲಿ ಎಂ6 ಥ್ರೆಡ್ ರಾಡಿನ ಪಿಚ್ ಸರಿಯಾಗಿ 1 ಮಿ.ಮೀ.!

ಇಲ್ಲಿ ಒಂದು ದಿನ ಪೂರ್ತಿ ಜಗಳ. ಎಂ6 ರಾಡು ಲೀಡ್‌ಸ್ಕ್ರೂ ಅಲ್ಲವೇ ಅಲ್ಲ. ನಮ್ಮದಂತೂ ನೆಲದ ಮೇಲೆ ಉರುಳಿಸಿದರೆ ಸೊಟ್ಟ ಕಾಣುತ್ತಿತ್ತು. ನಟ್ಟು ಸಡಿಲ. ನಿಖರತೆ ಬೇಕಾದ ಕಡೆ ಇಂಥದ್ದನ್ನು ಹಾಕಿದರೆ ನಗುತ್ತಾರೆ ಅಂತ ಇಬ್ಬರು. ಸೊಟ್ಟ ಎಷ್ಟು ಅಂತ ಕೇಳಬೇಡಿ, ಎಷ್ಟು ಹೊತ್ತಿಗೊಮ್ಮೆ ಅಂತ ಕೇಳಿ ಅಂತ ಇನ್ನಿಬ್ಬರು. ರಾಡು ಒಂದು ಸುತ್ತು ಬರೋಕೆ 12 ಸೆಕೆಂಡು. ಆ ಸೊಟ್ಟತನದಿಂದ ಗೆರೆಗಳು 12 ಸೆಕೆಂಡಿಗೊಮ್ಮೆ ಸ್ವಲ್ಪ ಹತ್ತಿರ ಬಂದು ಸ್ವಲ್ಪ ದೂರ ಸರಿಯುತ್ತವೆ, ಅಷ್ಟೇ. ನಡುವೆ ಜಾಗ ಇದೆ, ಒಂದಕ್ಕೊಂದು ತಾಗಲ್ಲ. ಅಷ್ಟು ನಿಧಾನದ ಅಲುಗಾಟ ಯಾವ ಕಿವಿಗೂ ಕೇಳಲ್ಲ. ಸ್ಟೆಪ್ಪರಿನ ತಪ್ಪು ಅದಕ್ಕಿಂತ ಚಿಕ್ಕದಿರಬಹುದು, ಆದರೆ ಅದು ಕೇಳಿಸುವ ವೇಗದಲ್ಲಿ ಬರುತ್ತೆ. ಸಡಿಲ ನಟ್ಟಿನ ಸಮಸ್ಯೆಯೂ ನಿಜವಾಗಿ ಇರಲಿಲ್ಲ. ಗಾಡಿ ಹೋಗುವುದು ಒಂದೇ ದಿಕ್ಕಿಗೆ. ಒಂದು ದಾರ ಕಟ್ಟಿ ಅದಕ್ಕೆ ತೂಕ ಇಳಿಬಿಟ್ಟರೆ ನಟ್ಟು ಯಾವಾಗಲೂ ಥ್ರೆಡ್ಡಿನ ಒಂದೇ ಕಡೆ ಒರಗಿರುತ್ತೆ. (ಅಂದಹಾಗೆ, ತೂಕಕ್ಕೆ ದೊಡ್ಡ ಪರಂಪರೆಯೇ ಇದೆ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ್ದನ್ನು ಮುದ್ರಿಸಿದ ಕಾಲದ ಯಂತ್ರಗಳಲ್ಲಿ ತಟ್ಟೆ ತಿರುಗಿಸುತ್ತಿದ್ದದ್ದೇ ಕೆಳಗಿಳಿಯುವ ತೂಕ.)

ತಟ್ಟೆಯದ್ದು ಬೇರೆ ಕಥೆ, ಚಿಕ್ಕದಾಗಿ ಹೇಳ್ತೀವಿ. ಹಳೇ ಪ್ಲೇಯರಿನ ಮೋಟಾರು ಸೂಜಿ ಒತ್ತಿದ ತಕ್ಷಣ ಏದುಸಿರು ಬಿಡುತ್ತಿತ್ತು. ಡಿ.ಸಿ. ಮೋಟಾರು, ರಬ್ಬರ್ ಬೆಲ್ಟು, ಮತ್ತು ಲೇತ್‌ನಲ್ಲಿ ನಾವೇ ತಿರುಗಿಸಿದ ನಾಲ್ಕು ಕೆ.ಜಿ. ಉಕ್ಕಿನ ತಟ್ಟೆ. ಭಾರ ಇದ್ದದ್ದರಿಂದ ಬಚಾವು.

ಇನ್ನೊಂದೇ ತೊಡಕು ಉಳಿದಿತ್ತು. ಈ ಮೈಕ್ರೋವೇವ್ ಮೋಟಾರಿಗೆ ದಿಕ್ಕು ಅಂತ ಇಲ್ಲ. ಸ್ವಿಚ್ಚು ಹಾಕಿದಾಗ ಅದರ ಮನಸ್ಸು ಬಂದ ಕಡೆ ತಿರುಗುತ್ತೆ. ಓವನ್ನಿನೊಳಗಿನ ಅನ್ನಕ್ಕೆ ಎಡವಾದರೇನು, ಬಲವಾದರೇನು? ನಮಗೆ ಹಾಗಲ್ಲವಲ್ಲ. ಅದಕ್ಕೇ ರಾಡಿನ ತುದಿಗೆ ಕಾಗದದ ಬಾವುಟ ಅಂಟಿಸಿದೆವು. ಮೊದಲು ಮೋಟಾರು, ಬಾವುಟ ಸರಿಯಾದ ಕಡೆ ಸುತ್ತಿದರೆ ಮಾತ್ರ ಸೂಜಿ ಇಳಿಸುವುದು.

ಅಜ್ಜಿಯ ಎಕ್ಸ್-ರೇ ಕತ್ತರಿಸಿ ತಟ್ಟೆ ಮೇಲಿಟ್ಟ ರಾತ್ರಿ ಬಾವುಟ ಮೂರು ಸಲ ಉಲ್ಟಾ ಸುತ್ತಿತು. ನಾಲ್ಕನೇ ಸಲ ಸರಿಯಾಯಿತು. ಸೂಜಿ ಇಳಿಸಿದ ಮೇಲೆ ಯಾರೂ ಮಾತಾಡಲಿಲ್ಲ, ಕೆಮ್ಮು ಬಂದವನು ಹೊರಗೆ ಓಡಿದ. ನಮಗಿದ್ದ ಹೆದರಿಕೆ ಮೂರನೇ ನಿಮಿಷದ್ದು. ರೆಕಾರ್ಡಿಂಗಿನಲ್ಲಿ ಅಲ್ಲೊಂದು ಕುಕ್ಕರ್ ಜೋರಾಗಿ ಕೂಗುತ್ತೆ. ಹಿಂದಿನ ಎರಡು ಪ್ಲೇಟುಗಳಲ್ಲಿ ಸೂಜಿ ಹಾರಿದ್ದು ಅಲ್ಲೇ. ಈ ಸಲ ತಡೆದುಕೊಂಡಿತು.

ಭಾನುವಾರ ಸೂಟ್‌ಕೇಸ್ ಪ್ಲೇಯರು ಹೊತ್ತು ಬಸ್ಸು ಹತ್ತಿದೆವು. ಅಜ್ಜಿ ಪ್ಲೇಟನ್ನು ಬೆಳಕಿಗೆ ಹಿಡಿದು ತಮ್ಮ ಸೊಂಟ ನೋಡಿಕೊಂಡರು. ಆಮೇಲೆ ಕಣ್ಣು ಮುಚ್ಚಿ ಕೇಳಿದರು. ಕೆಳಗೆಲ್ಲೋ ಸಣ್ಣ ಗುಂಯ್ ಇನ್ನೂ ಇತ್ತು, ನಮಗಷ್ಟೇ ಕೇಳಿಸಿತೇನೋ. ಹಾಡು ಮುಗಿಯಿತು. ಅಜ್ಜಿ ಕಣ್ಣು ಬಿಟ್ಟು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು.

"ಹಾಡೇನೋ ಚೆನ್ನಾಗಿ ಬಂದದೆ ಕಣ್ರೋ. ಆ ಕುಕ್ಕರು ಕೂಗೋದನ್ನ ಯಾಕ್ರೋ ಹಾಕಿದ್ರಿ?"