ಹಿಂಗಾರಿಗೆ ಹಿಂಗಾಲಿ ಗಾಡಿ

ಎಂಜಿನ್ನಿನ ಬಲವೆಲ್ಲ ಹಿಂದಿನ ಎರಡು ಗಾಲಿಗೆ ಹೋಗುವ, ನೆಲಕ್ಕೆ ಹತ್ತಿ ಕೂತಂತಿರುವ ಸ್ಪೋರ್ಟ್ಸ್ ಕಾರನ್ನು ಚಳಿಗಾಲದ ದಿನನಿತ್ಯದ ಓಡಾಟಕ್ಕೆ ಇಟ್ಟುಕೊಳ್ಳಬಾರದು ಎಂಬ ಮಾತು ಹಿಮ ಬೀಳುವ ದೇಶಗಳಿಂದ ಬಂದದ್ದು. ಅಲ್ಲಿ ಅನೇಕರು ನವೆಂಬರಿನಲ್ಲಿ ಅಂಥ ಕಾರಿಗೆ ಹೊದಿಕೆ ಹೊದಿಸಿ, ಮಾರ್ಚಿನ ತನಕ ಮುಂಗಾಲಿ ಎಳೆಯುವ ಹಳೆಯದೊಂದು ಕಾರಿನಲ್ಲಿ ದಿನ ನೂಕುತ್ತಾರೆ. ಶಿಕಾಗೋ, ಟೊರಾಂಟೊ ಸೇರಿದ ನಮ್ಮವರು ಅದೇ ಮಾತನ್ನು ಫೋನಿನಲ್ಲಿ ಊರಿಗೆ ದಾಟಿಸುತ್ತಾರೆ. ಊರಲ್ಲಿ ಕಾರು ಕೊಳ್ಳಲು ಹೊರಟವರು, ಹಿಮ ಕಣ್ಣಲ್ಲಿ ಕಾಣದಿದ್ದರೂ, ತಲೆಯಾಡಿಸುತ್ತಾರೆ. ವಿಜಯಪುರದ ಸೆರಗಿನಲ್ಲೇ ಇರುವ ಇಟ್ಟಂಗಿಹಾಳದ ಮಟ್ಟಿಗೆ ಈ ಭಯ ಪೂರ್ತಿ ಎರವಲಿನದು. ನನ್ನ ವಾದ ಅಲ್ಲಿಗೇ ನಿಲ್ಲುವುದಿಲ್ಲ. ಹಿಮದ ನಾಡಿನಲ್ಲೂ ಅದು ಅರ್ಧ ಮಾತ್ರ ನಿಜ. ಗಾಡಿಯನ್ನು ಜಾರಿಸುವವು ನೆಲ, ಟಯರು ಮತ್ತು ಓಡಿಸುವವನ ಬಲಗಾಲು. ಎಂಜಿನ್ ಯಾವ ಗಾಲಿಗೆ ಕೂಡಿದೆ ಎಂಬುದು ಇವುಗಳ ನಂತರ ಬರುವ ಸಂಗತಿ.

ಮೊದಲು ರಸ್ತೆಯನ್ನೇ ಸಾಕ್ಷಿಗೆ ಕರೆಯೋಣ. ಜನವರಿಯ ಒಂದು ಬೆಳಗ್ಗೆ ವಿಜಯಪುರದಿಂದ ತಿಕೋಟಾ ಕಡೆಗೆ ಏನೇನು ಓಡುತ್ತದೆ ನೋಡಿ. ಸಾರಿಗೆ ಸಂಸ್ಥೆಯ ಬಸ್ಸು, ಲಾರಿ, ದ್ರಾಕ್ಷಿ ಹೇರಿಕೊಂಡ ಬೊಲೆರೊ ಪಿಕಪ್, ಟಾಟಾ ಏಸ್, ಮಂದಿಯನ್ನು ತುಂಬಿಕೊಂಡ ಟಂಟಂ, ಇವೆಲ್ಲವನ್ನೂ ನೂಕುವುದು ಹಿಂದಿನ ಗಾಲಿ. ಇವುಗಳ ನಡುವೆ ನುಸುಳುವ ಮೋಟರ್‌ಸೈಕಲ್ಲಿನ ಚೈನು ಹೋಗಿ ಸೇರುವುದೂ ಅಲ್ಲಿಗೇ. ಹಿಂಗಾಲಿಯ ಗಾಡಿ ಎಂದರೆ ಹೌಹಾರುವ ಹುಡುಗ ಅಂಥದ್ದೇ ಗಾಡಿಯ ಮೇಲೆ ಕಾಲೇಜಿಗೆ ಹೋಗಿ ಬರುತ್ತಾನೆ. ಎಲ್ಲರಿಗಿಂತ ದೊಡ್ಡ ಸಾಕ್ಷಿ ಟ್ರ್ಯಾಕ್ಟರು. ಬಬಲೇಶ್ವರ ಭಾಗದ ಕಬ್ಬು ನಂದಿ ಸಕ್ಕರೆ ಕಾರ್ಖಾನೆ ಮುಟ್ಟಬೇಕಾದರೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರು ಇಡೀ ಚಳಿಗಾಲ ಹಗಲು ರಾತ್ರಿ ಓಡಬೇಕು. ಅದರ ಹಿಂಗಾಲಿ ಆಳೆತ್ತರ, ಮುಂಗಾಲಿ ಅದರ ಮುಂದೆ ಆಟಿಕೆ. ಹಿಡಿತ ಸಾಲದಿದ್ದರೆ ಹಿಂದಿನ ಟಯರಿಗೆ ನೀರು ತುಂಬಿಸುತ್ತಾರೆ, ಗಾಲಿಗೆ ಬೀಡಿನ ತೂಕ ಬಿಗಿಯುತ್ತಾರೆ. ಭಾರ ಹೆಚ್ಚಾಗಿ ಮೂತಿ ಮೇಲೇಳುವಂತಾದರೆ ಮುಂದಕ್ಕೂ ತೂಕ ಹೇರುತ್ತಾರೆ. ತೂಕ ಎಲ್ಲಿ ಬೀಳಬೇಕು ಎಂಬ ಲೆಕ್ಕವನ್ನು ಈ ಡ್ರೈವರುಗಳು ಪುಸ್ತಕದಿಂದ ಕಲಿತವರಲ್ಲ. ನಮ್ಮ ಕಡೆ ಜಾತ್ರೆಗಳಲ್ಲಿ ಟ್ರ್ಯಾಕ್ಟರುಗಳನ್ನು ಬೆನ್ನಿಗೆ ಬೆನ್ನು ಕಟ್ಟಿ ಜಗ್ಗಿಸುವ ಪಂದ್ಯ ಇಡುತ್ತಾರಲ್ಲ, ಅದನ್ನು ನೋಡಿದವರಿಗೆ ಹಿಂಗಾಲಿಯ ಸ್ಪೋರ್ಟ್ಸ್ ಗಾಡಿಯ ಬಗ್ಗೆ ಹೊಸದಾಗಿ ಹೇಳಿಕೊಡಬೇಕಾದದ್ದು ಹೆಚ್ಚಿಲ್ಲ.

ಇತಿಹಾಸವೂ ಇದೇ ಕಡೆಗಿದೆ. 1886ರ ಬೆಂಝ್ ಗಾಡಿಯನ್ನು ಓಡಿಸಿದ್ದು ಹಿಂದಿನ ಗಾಲಿ. 1891ರಲ್ಲಿ ಫ್ರಾನ್ಸಿನ ಪನಾರ್ ಕಂಪನಿ ಎಂಜಿನ್ನನ್ನು ಮುಂದಕ್ಕಿಟ್ಟು ಬಲವನ್ನು ಹಿಂದಕ್ಕೆ ಕಳಿಸುವ ಜೋಡಣೆ ಮಾಡಿದ ಮೇಲೆ ಹಲವು ದಶಕ ಜಗತ್ತಿನ ಹೆಚ್ಚಿನ ಕಾರುಗಳು ಅದೇ ದಾರಿ ಹಿಡಿದವು. 1934ರ ಸಿಟ್ರೊಯೆನ್, 1959ರ ಮಿನಿ ಮುಂಗಾಲಿಯನ್ನು ಜನಪ್ರಿಯಗೊಳಿಸಿದವು. ಮಿನಿ ಹಾಗೆ ಹುಟ್ಟಿದ್ದು ಮುಖ್ಯವಾಗಿ ಜಾಗ ಉಳಿಸಲು: ಕಾರಿನ ಹೊಟ್ಟೆಯಡಿ ಉದ್ದಕ್ಕೂ ಹಾಯುವ ಪ್ರೊಪೆಲ್ಲರ್ ಶಾಫ್ಟು ಬೇಡವಾದರೆ ಕಾಲು ಚಾಚಲು ಜಾಗ ಸಿಗುತ್ತದೆ, ಗಾಡಿ ಹಗುರಾಗುತ್ತದೆ, ಅಗ್ಗವಾಗುತ್ತದೆ. ಜಾರುವ ಭಯ ಆಮೇಲೆ ಮಾರಾಟಗಾರರ ಬಾಯಲ್ಲಿ ಬೆಳೆಯಿತು ಎಂದು ನನ್ನ ಗುಮಾನಿ. ನಮ್ಮಲ್ಲಿ 1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800ರ ಬೀಗದ ಕೈ ಗಿರಾಕಿಯ ಕೈಗೆ ಬೀಳುವ ತನಕ ಅಂಬಾಸಿಡರ್, ಫಿಯೆಟ್, ಹೆರಾಲ್ಡ್ ಎಲ್ಲವೂ ಹಿಂಗಾಲಿಯವೇ. ಸಾರವಾಡದ ಹತ್ತಿರ ಡೋಣಿ ಹೊಳೆ ದಾಟಿ ಬಬಲೇಶ್ವರದ ಕಡೆ ಹೋಗುತ್ತಿದ್ದ ಅಂಬಾಸಿಡರ್ ಡ್ರೈವರು ಎಂಜಿನ್ ಯಾವ ಗಾಲಿಗೆ ಕೂಡಿದೆ ಎಂದು ಯಾರಿಗೂ ವಿವರಿಸಬೇಕಾಗಿರಲಿಲ್ಲ. ಅದೇ ಮಾರುತಿ ಕಂಪನಿ 1984ರಲ್ಲಿ ತಂದ ವ್ಯಾನು ಮತ್ತೆ ಹಿಂಗಾಲಿಯದು. ಬೆಂಗಳೂರಿನ ಸಿಪಾನಿ ಕಂಪನಿ 1980ರ ದಶಕದ ಆರಂಭದಲ್ಲಿ ಬ್ರಿಟನ್ನಿನ ರಿಲಯಂಟ್ ಕಿಟನ್ ಆಧರಿಸಿ ಮಾಡಿದ ಡಾಲ್ಫಿನ್ ಫೈಬರ್ ಮೈಯ ಪುಟ್ಟ ಕಾರು. ಮನೆಬಳಕೆಯಲ್ಲಿ ಅದು ಗೆಲ್ಲಲಿಲ್ಲ, ರ್‍ಯಾಲಿ ಓಡಿಸುವವರಿಗೆ ಮಾತ್ರ ಬಲು ಪ್ರಿಯವಾಯಿತು. ಹಗುರ ಮೈ, ಹಿಂದಿನಿಂದ ನೂಕುವ ಗಾಲಿ. ಕನ್ನಡ ನೆಲದಲ್ಲಿ ತಯಾರಾದ ಗಾಡಿಗಳಲ್ಲಿ ಅಗ್ಗದ ಸ್ಪೋರ್ಟ್ಸ್ ಕಾರಿನ ಗುಣಕ್ಕೆ ಹತ್ತಿರ ಬಂದದ್ದು ಅದೇ ಎಂದರೆ ತಪ್ಪಾಗದು. 2001ರಲ್ಲಿ ಅದೇ ಬೆಂಗಳೂರಿನಿಂದ ಹೊರಟ ರೇವಾ ವಿದ್ಯುತ್ ಕಾರಿನ ಮೋಟರು ಕೂಡ ಹಿಂದಿನ ಗಾಲಿಗೇ. ಅದು ಜಿ-ವಿಜ್ ಎಂಬ ಹೆಸರಿನಲ್ಲಿ ಲಂಡನ್ನಿನ ಚಳಿಗಾಲಗಳನ್ನು ದಿನಬಳಕೆಯಲ್ಲೇ ಕಳೆಯಿತು.

ಹಾಗಾದರೆ ಹಿಂಗಾಲಿಯ ಮೇಲಿನ ಆಪಾದನೆ ಹುಟ್ಟಿದ್ದು ಎಲ್ಲಿಂದ? ಎಂಜಿನ್ ಮುಂದಿರುವ ಕಾರಿನಲ್ಲಿ ಮೂತಿ ಭಾರ, ಬೆನ್ನು ಹಗುರ. ನೂಕುವ ಗಾಲಿಯ ಮೇಲೆ ತೂಕ ಕಡಿಮೆಯಿದ್ದರೆ ಜಾರು ನೆಲದಲ್ಲಿ ಅದು ಇದ್ದಲ್ಲೇ ಗಿರಗಿರ ಸುತ್ತುತ್ತದೆ. ಖಾಲಿ ಪಿಕಪ್ಪು ರಾಡಿಯಲ್ಲಿ ಒದ್ದಾಡುವುದು, ಅದೇ ಪಿಕಪ್ಪು ಮಾಲು ಹೇರಿದ ಮೇಲೆ ಸಲೀಸಾಗಿ ಹೊರಬರುವುದು ಇದೇ ಕಾರಣಕ್ಕೆ. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಒಳ್ಳೆಯ ಸ್ಪೋರ್ಟ್ಸ್ ಕಾರನ್ನು ರೂಪಿಸುವವರು ಮೊದಲು ಸರಿಪಡಿಸುವುದೇ ಈ ದೋಷವನ್ನು. ತೂಕ ಮುಂದೆ ಹಿಂದೆ ಹೆಚ್ಚುಕಡಿಮೆ ಸಮ ಬೀಳುವಂತೆ ಎಂಜಿನ್ನನ್ನು ಹಿಂದಕ್ಕೆ ಸರಿಸುತ್ತಾರೆ. ಗಾಡಿ ವೇಗ ಪಡೆಯುವಾಗಲೂ ಏರು ಹತ್ತುವಾಗಲೂ ಭಾರ ತಾನಾಗಿ ಹಿಂದಕ್ಕೆ ವಾಲುತ್ತದೆ. ಆಗ ನೂಕುವ ಗಾಲಿಗೆ ಹಿಡಿತ ಹೆಚ್ಚುತ್ತದೆ, ಮುಂದಿನಿಂದ ಎಳೆಯುವ ಗಾಲಿಗೆ ತಗ್ಗುತ್ತದೆ. ಇನ್ನೊಂದು ಮಾತು. ಟಯರಿನ ಹಿಡಿತ ತಿಂಗಳ ರೇಶನ್ ಇದ್ದ ಹಾಗೆ, ತಿರುಗುವುದಕ್ಕೆ ಖರ್ಚಾದಷ್ಟು ಎಳೆಯುವುದಕ್ಕೆ ಉಳಿಯುವುದಿಲ್ಲ. ಮುಂಗಾಲಿಯ ಕಾರಿನಲ್ಲಿ ಎರಡೂ ಖರ್ಚು ಅದೇ ಎರಡು ಟಯರಿನ ತಲೆಗೆ ಬೀಳುತ್ತದೆ. ಹಿಂಗಾಲಿಯ ಕಾರು ಕೆಲಸ ಹಂಚುತ್ತದೆ. ಅದಕ್ಕೇ ಸ್ಟೇರಿಂಗು ಕೈಗೆ ಅಷ್ಟು ಹಗುರಾಗಿ, ನಿಚ್ಚಳವಾಗಿ ಮಾತಾಡುತ್ತದೆ.

“ಅದೆಲ್ಲ ಒಣ ರಸ್ತೆಯ ಶಾಸ್ತ್ರ, ತಿರುವಿನಲ್ಲಿ ಬಾಲ ತಿರುಗಿಬಿಟ್ಟರೆ ಸಂಭಾಳಿಸುವವರು ಯಾರು?” ಎಂಬ ಆಕ್ಷೇಪ ಗಟ್ಟಿಯದು. ಮುಂಗಾಲಿಯ ಕಾರು ಹಿಡಿತ ತಪ್ಪಿದರೆ ಸಾಮಾನ್ಯವಾಗಿ ತಿರುವು ಬಿಟ್ಟು ನೇರ ಹೋಗುತ್ತದೆ. ಗಾಬರಿಯಲ್ಲಿ ಕಾಲು ತೆಗೆದರೆ ಬಹುಮಟ್ಟಿಗೆ ಮತ್ತೆ ದಾರಿಗೆ ಬರುತ್ತದೆ. ಹಿಂಗಾಲಿಯದು ಬೆನ್ನು ಬೀಸುತ್ತದೆ, ಅಲ್ಲಿ ಗಾಬರಿ ಕೆಲಸಕ್ಕೆ ಬಾರದು. ಕಲಿಯದವನ ಕೈಯಲ್ಲಿ ಮೊದಲನೆಯದು ಹೆಚ್ಚು ಕ್ಷಮಿಸುತ್ತದೆ ಎಂಬುದನ್ನು ಒಪ್ಪಲೇಬೇಕು. ಆದರೆ ಬೆನ್ನು ಬೀಸುವುದನ್ನು ಹಿಡಿದು ನಿಲ್ಲಿಸುವ ವಿದ್ಯುನ್ಮಾನ ಸ್ಥಿರತೆಯ ವ್ಯವಸ್ಥೆ ಈಗ ಬಂದಿದೆ. ಅಮೆರಿಕ 2012ರ ಮಾದರಿಯಿಂದ, ಯೂರೋಪು 2014ರ ಕೊನೆಯಿಂದ ಅದನ್ನು ಹೊಸ ಕಾರುಗಳಿಗೆ ಕಡ್ಡಾಯ ಮಾಡಿದವು. ಗಾಲಿ ಸುತ್ತತೊಡಗಿದರೆ ಅದು ಎಂಜಿನ್ನಿನ ಬಲ ತಗ್ಗಿಸುತ್ತದೆ, ಬೇಕಾದ ಒಂದೇ ಗಾಲಿಗೆ ಬ್ರೇಕು ಹಾಕುತ್ತದೆ. ಹಿಮದ ವಿಚಾರಕ್ಕೆ ಬಂದರೆ, ನಿಜವಾದ ತೀರ್ಪು ಕೊಡುವುದು ಟಯರು. ಬೇಸಿಗೆಗೆಂದು ಮಾಡಿದ ಸ್ಪೋರ್ಟ್ಸ್ ಟಯರಿನ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗೆ ಬಿರುಸಾಗಿ ಹಿಡಿತ ಬಿಡುತ್ತದೆ. ಚಳಿಗಾಲದ ಟಯರು ಮೆತ್ತಗೇ ಉಳಿಯುತ್ತದೆ. ಕೆನಡಾದ ಕ್ವಿಬೆಕ್ ಪ್ರಾಂತದ ಕಾನೂನು ಚಳಿಗಾಲದಲ್ಲಿ ಕೇಳುವುದು ಇಂಥ ಟಯರನ್ನು. ಯಾವ ಗಾಲಿ ನೂಕುತ್ತದೆ ಎಂದು ಅದು ಕೇಳುವುದಿಲ್ಲ. ಆಲ್ಪ್ಸ್ ಬೆಟ್ಟಗಳ ಹಿಮದ ದಾರಿಯಲ್ಲಿ ಜನವರಿಯಲ್ಲಿ ನಡೆಯುವ ಮಾಂಟೆ ಕಾರ್ಲೊ ರ್‍ಯಾಲಿಯನ್ನು 1968, 1969, 1970ರಲ್ಲಿ ಸತತ ಮೂರು ಸಲ ಗೆದ್ದದ್ದು ಪೋರ್ಶೆ 911, ಎಂಜಿನ್ನೂ ಹಿಂದೆ, ನೂಕುವ ಗಾಲಿಯೂ ಹಿಂದೆ. ಅದಕ್ಕೆ ಮುಂಚೆ ಮುಂಗಾಲಿಯ ಮಿನಿಯೂ ಮೂರು ಸಲ ಗೆದ್ದಿತ್ತು. ಈ ಎರಡನ್ನೂ ಪಕ್ಕಪಕ್ಕ ಇಟ್ಟರೆ ನನ್ನ ವಾದಕ್ಕೆ ಅನುಕೂಲವೇ: ಎರಡರಲ್ಲೂ ಎಂಜಿನ್ನಿನ ತೂಕ ಬೀಳುತ್ತಿದ್ದದ್ದು ಓಡಿಸುವ ಗಾಲಿಯ ಮೇಲೆಯೇ.

ಇನ್ನು ನಮ್ಮ ಥಂಡಿ. ವಿಜಯಪುರದಲ್ಲಿ ಜನವರಿಯ ರಾತ್ರಿ ಸಾಮಾನ್ಯವಾಗಿ 12ರಿಂದ 15 ಡಿಗ್ರಿಗೆ ಇಳಿಯುತ್ತದೆ. ಕೆಲವು ವರ್ಷ ಒಂದಂಕಿ ಕಂಡದ್ದುಂಟು, ಬಿಸಿಲೇರಿದರೆ ಅದೂ ಮಾಯ. ಆಕಾಶ ತೊಳೆದಂತೆ, ರಸ್ತೆ ಒಣ. ಬೇಸಿಗೆಯ ಟಯರು ಇಲ್ಲಿ ಬಿರುಸಾಗುವ ಸಂದರ್ಭವೇ ಅಪರೂಪ. ಎಂಜಿನ್ನಿಗೆ ತಣ್ಣನೆಯ ದಟ್ಟ ಗಾಳಿ ಸಿಕ್ಕು ಏಪ್ರಿಲ್‌ಗಿಂತ ಉಸಿರು ಸರಾಗ. ವರ್ಷದಲ್ಲಿ ಸ್ಪೋರ್ಟ್ಸ್ ಕಾರಿಗೆ ಹೇಳಿ ಮಾಡಿಸಿದ ಕಾಲ ಯಾವುದೆಂದರೆ ಇದೇ. ನಮಗೆ ಹಿಮದ ಸಮಾನ ಯಾವುದಾದರೂ ಇದ್ದರೆ ಮಳೆಗಾಲದ ಎರಿ ಮಣ್ಣು. ನೀರು ಕುಡಿದು ಉಬ್ಬುವ ಆ ಮಣ್ಣು ಟಯರಿನ ಗೆರೆಗಳನ್ನೆಲ್ಲ ತುಂಬಿ ಬೋಳು ಮಾಡಿಬಿಡುತ್ತದೆ. ಆಗ ಮುಂಗಾಲಿ, ಹಿಂಗಾಲಿ ಎರಡೂ ಒಂದೇ. ನಾಲ್ಕೂ ಗಾಲಿಗೆ ಬಲ ಹೋಗುವ ಜೀಪೂ ಹೂತು ಕೂರುತ್ತದೆ. ಈಚೆಗೆ ಚಳಿಗಾಲಕ್ಕೂ ಅದರ ಚೂರು ಅಂಟಿದೆ. ತುಬಚಿ–ಬಬಲೇಶ್ವರ ಏತ ನೀರಾವರಿಯಂಥ ಯೋಜನೆಗಳಿಂದ ಕೃಷ್ಣೆಯ ನೀರು ಮೇಲೇರಿದ ಮೇಲೆ ಒಣ ಹಂಗಾಮಿನಲ್ಲೂ ಹಸಿ ಹೊಲಗಳಿವೆ. ಅಲ್ಲಿಂದ ಹೊರಬರುವ ಟ್ರ್ಯಾಕ್ಟರಿನ ಗಾಲಿ ಡಾಂಬರಿನ ಮೇಲೆ ರಾಡಿ ಉದುರಿಸುತ್ತದೆ, ಜತೆಗೆ ಕಬ್ಬಿನ ಸಿಪ್ಪೆ. ತಿರುವಿಗೆ ಮೊದಲೇ ವೇಗ ಇಳಿಸಿ, ತಿರುವಿನೊಳಗೆ ಕಾಲು ಹಗುರ ಇಟ್ಟವನಿಗೆ ಇದರಿಂದ ದೊಡ್ಡ ತೊಂದರೆಯಿಲ್ಲ.

ಒಂದು ಅಪಾಯವನ್ನು ಮಾತ್ರ ಹಿಮದ ದೇಶದವರು ಕನಸಿನಲ್ಲೂ ಕಂಡಿರಲಿಕ್ಕಿಲ್ಲ. ಚಳಿಗಾಲ ನಮ್ಮಲ್ಲಿ ರಾಶಿಯ ಕಾಲ. ಕಣ ಮಾಡುವ ಶ್ರಮ ಉಳಿಸಲು ಕಿತ್ತ ಬೆಳೆಯನ್ನು ರಸ್ತೆಗೇ ಹರವಿ, ಹೋಗಿ ಬರುವ ಗಾಡಿಗಳಿಂದ ತುಳಿಸುವ ಪದ್ಧತಿ ಕರ್ನಾಟಕದ ಉದ್ದಗಲಕ್ಕೂ ಇದೆ. ಒಣ ಕಡ್ಡಿ ಬೇರಿಂಗಿನಂತೆ ಉರುಳಿ ಮೋಟರ್‌ಸೈಕಲ್ಲನ್ನು ಕೆಡವುತ್ತದೆ. ಹುರುಳಿಯ ಬಳ್ಳಿಯಂಥದ್ದು ಕಾರಿನಡಿ ತಿರುಗುವ ಭಾಗಕ್ಕೆ ಸುತ್ತಿಕೊಂಡು, ಉಜ್ಜಿ ಕಾದು, ಬೆಂಕಿ ಹೊತ್ತಿದ ಪ್ರಕರಣಗಳೂ ಆಗಿವೆ. ಹೊಟ್ಟೆಯಡಿ ಉದ್ದನೆಯ ಶಾಫ್ಟು ತಿರುಗುವ, ಅದೂ ನೆಲಕ್ಕೆ ಹತ್ತಿರವಿರುವ ಕಾರಿಗೆ ಈ ಭಯ ಹೆಚ್ಚು. ಹಿಂಗಾಲಿಯ ವಿರುದ್ಧ ಇಲ್ಲಿ ನಿಲ್ಲುವ ವಾದ ಇದೊಂದೇ. ಇದಕ್ಕೆ ನನ್ನಲ್ಲಿರುವ ಉತ್ತರ, ಅಂಥ ರಸ್ತೆ ಕಂಡಲ್ಲಿ ಗಾಡಿ ತಿರುಗಿಸಿ ಬೇರೆ ದಾರಿ ಹಿಡಿಯಿರಿ ಎಂಬಷ್ಟೇ.

ಹಂಪುಗಳ ಆಕ್ಷೇಪ ಬೇರೆ ಜಾತಿಯದು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಅಳತೆಯ ಪ್ರಕಾರ ಹಂಪು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ಅಷ್ಟು ಮಟ್ಟಸವಾಗಿದ್ದರೆ ತಗ್ಗಿನ ಕಾರೂ ನಿಧಾನವಾಗಿ ದಾಟೀತು. ಊರೂರಿಗೆ ರಾತ್ರೋರಾತ್ರಿ ಎದ್ದು ನಿಲ್ಲುವ ದಿಬ್ಬಗಳಿಗೆ ಈ ಅಳತೆ ಗೊತ್ತಿಲ್ಲ. ಆದರೆ ಇದು ತಗ್ಗು ಮೈಯ ಕಷ್ಟ, ಹಿಂಗಾಲಿಯದಲ್ಲ. ಎತ್ತರ ಮೈಯ ಹಿಂಗಾಲಿ ಬೇಕೆಂದರೆ ಮಹೀಂದ್ರದವರು 2023ರ ಜನವರಿಯಲ್ಲಿ ಥಾರ್ ಜೀಪಿನ ಹಿಂಗಾಲಿಯ ಮಾದರಿಯನ್ನೂ, 2024ರ ನವೆಂಬರಿನಲ್ಲಿ ಬಿಇ 6 ಎಂಬ ವಿದ್ಯುತ್ ಗಾಡಿಯನ್ನೂ ತಂದಿದ್ದಾರೆ. ಬಿಇ 6ರಲ್ಲಿ ಮೋಟರು ಹಿಂಗಾಲಿಯ ಬಳಿಯೇ ಇರುವುದರಿಂದ ಉದ್ದನೆಯ ಶಾಫ್ಟೂ ಇಲ್ಲ. ಅಂದರೆ ಹುರುಳಿ ಬಳ್ಳಿಯ ತಕರಾರಿನ ದೊಡ್ಡ ಪಾಲು ಅಲ್ಲೇ ಬಿದ್ದುಹೋಯಿತು.

ಕೊನೆಗೆ ಉಳಿಯುವುದು ಮನೆಯವರ ಆಕ್ಷೇಪ: ಎರಡು ಸೀಟಿನ ಗಾಡಿ ಕಟ್ಟಿಕೊಂಡು ಮಾಡುವುದೇನು? ಎಳ್ಳ ಅಮಾವಾಸ್ಯೆಗೆ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿ ಪಲ್ಯೆಯ ಬುಟ್ಟಿಗಳ ಜತೆ ಅಜ್ಜಿಯಿಂದ ಕೂಸಿನ ತನಕ ಎಲ್ಲರೂ ಚರಗ ಚೆಲ್ಲಲು ಹೊಲಕ್ಕೆ ಹೋಗಬೇಕಲ್ಲ. ಇದಕ್ಕೆ ಸ್ಪೋರ್ಟ್ಸ್ ಕಾರಿನ ಪರವಾಗಿ ಹೇಳುವಂಥದ್ದು ಏನೂ ಇಲ್ಲ. ಆ ದಿನ ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟುತ್ತಾರೆ, ಅದೂ ಹಿಂಗಾಲಿಯದೇ.