ಕೂಗುವ ಹೆಸರು

ಇಮೇಲ್ ವಿಳಾಸದ ನಡುವೆ ಪ್ಲಸ್ ಚಿಹ್ನೆಯನ್ನು ಕಂಡೊಡನೆ ‘ವಿಳಾಸ ಸರಿಯಾಗಿಲ್ಲ’ ಎಂದು ಕೆಂಪಕ್ಷರದಲ್ಲಿ ತಡೆಯುವ ಅರ್ಜಿಪುಟಗಳು ಇಂದಿಗೂ ಉಳಿದುಕೊಂಡಿರುವುದು, ಬೆಳಗಿನ ಕಾಫಿ ಆರುವುದರೊಳಗೆ ಒಂದು ಪುಸ್ತಕ ತರಿಸಿಕೊಳ್ಳೋಣವೆಂದು ಕುಳಿತವರ ಮನಸ್ಸನ್ನು ಸಂಜೆಯವರೆಗೂ ಕೆಡಿಸಬಲ್ಲ ಅನ್ಯಾಯ. ಇಮೇಲಿನ ನಿಯಮಾವಳಿ ಈ ಚಿಹ್ನೆಯನ್ನು ಸ್ಪಷ್ಟವಾಗಿ ಒಪ್ಪಿಕೊಂಡಿದೆ. ಬಳಕೆದಾರರ ಹೆಸರು ಮುಗಿದ ಮೇಲೆ, ಅಟ್ ಚಿಹ್ನೆಗಿಂತ ಮೊದಲು, ಒಂದು ಪ್ಲಸ್ ಹಾಕಿ ಅದರ ಬೆನ್ನಿಗೆ ಪುಸ್ತಕ ಎಂದೋ ಸೀರೆ ಎಂದೋ ಬೇಕಾದ ಪದವನ್ನು ಸೇರಿಸಿದರೆ, ಜಿಮೇಲ್‌ನಂಥ ಸೇವೆಗಳು ಆ ಬಾಲವನ್ನು ಬದಿಗಿಟ್ಟು ಪತ್ರವನ್ನು ಮೂಲ ಪೆಟ್ಟಿಗೆಗೇ ತಲುಪಿಸುತ್ತವೆ. ಉಪವಿಳಾಸವೆಂದು ಕರೆಯಬಹುದಾದ ಈ ಏರ್ಪಾಟಿನಲ್ಲಿ, ಪುಸ್ತಕದಂಗಡಿಗೆ ಮಾತ್ರ ಕೊಟ್ಟಿದ್ದ ವಿಳಾಸಕ್ಕೆ ಮುಂದೊಂದು ದಿನ ಸಾಲ ಕೊಡುವವರ ಜಾಹೀರಾತು ಬಂದರೆ, ಅದು ಸೋರಿದ ಕಿಂಡಿ ಯಾವುದೆಂಬುದು ಬಾಲದಿಂದಲೇ ಗೊತ್ತಾಗುತ್ತದೆ. ಅಂಗಡಿಯವರೇ ಮಾರಿಕೊಂಡರೋ, ಅವರಲ್ಲಿಂದ ಕಳವಾಯಿತೋ ಎಂಬುದಷ್ಟೇ ವಿಚಾರಣೆಗೆ ಉಳಿಯುತ್ತದೆ.

ಸ್ಪ್ಯಾಮ್, ಅಂದರೆ ಕೇಳದವರಿಗೂ ಸಗಟಾಗಿ ಕಳಿಸುವ ಪತ್ರ, ಎಷ್ಟು ಪೀಡಿಸುತ್ತದೆಂಬುದನ್ನು ವಿವರಿಸಬೇಕಾಗಿಲ್ಲ. 1978ರ ಮೇ 3ರಂದು ಅಮೆರಿಕದ ಗಣಕಯಂತ್ರದ ಕಂಪನಿಯೊಂದರ ಗ್ಯಾರಿ ಥುರ್ಕ್ ಎಂಬವರು, ಅರ್ಪಾನೆಟ್ ಎಂಬ ಆರಂಭಕಾಲದ ಜಾಲದಲ್ಲಿದ್ದ ಸುಮಾರು 400 ಮಂದಿಗೆ ಹೊಸ ಯಂತ್ರಗಳ ಪ್ರದರ್ಶನಕ್ಕೆ ಬನ್ನಿರೆಂದು ಒಂದೇ ಪತ್ರವನ್ನು ಕಳಿಸಿದ್ದು ಇದರ ಮೊದಲ ನಿದರ್ಶನವೆನ್ನುತ್ತಾರೆ. ಅಂದೂ ಓದಿದವರು ಸಿಟ್ಟಾಗಿದ್ದರು. ತಪ್ಪಿಸಿಕೊಳ್ಳುವ ಉಪಾಯಗಳೂ ಬಹುಮಟ್ಟಿಗೆ ತಿಳಿದವೇ. ಎರಡನೆಯ ಖಾತೆಯೊಂದನ್ನು ತೆರೆದು ಅಂಗಡಿ ಮುಂಗಟ್ಟುಗಳಿಗೆ ಅದನ್ನೇ ಕೊಡುವುದು ಒಂದು, ಆದರೆ ಎರಡು ವರ್ಷ ಮುಟ್ಟದೆ ಬಿಟ್ಟ ಖಾತೆಯನ್ನು ಗೂಗಲ್ ಅಳಿಸಬಹುದಾದ್ದರಿಂದ ಆಗಾಗ ಅದರ ಬಾಗಿಲು ತೆರೆಯಬೇಕು. 2003ರಲ್ಲಿ ಆರಂಭವಾದ ಮೇಲಿನೇಟರ್‌ನಂಥ ತಾಣಗಳ ಬಳಸಿ ಬಿಸಾಡುವ ವಿಳಾಸ ಇನ್ನೊಂದು; ಅಲ್ಲಿಯ ಉಚಿತ ಪೆಟ್ಟಿಗೆಗೆ ಬೀಗವೇ ಇಲ್ಲದಿರುವುದರಿಂದ, ಹೆಸರನ್ನು ಊಹಿಸಿದ ಯಾರು ಬೇಕಾದರೂ ಅದರೊಳಗಿನ ಪತ್ರವನ್ನು ಓದಬಲ್ಲರು, ಆದ್ದರಿಂದ ಬ್ಯಾಂಕು, ಆಸ್ಪತ್ರೆ, ಮಕ್ಕಳ ಶಾಲೆ ಇವುಗಳಿಗೆ ಅದನ್ನು ಎಂದೂ ಕೊಡಬಾರದು. ಆ್ಯಪಲ್ ಸಂಸ್ಥೆಯ ‘ಹೈಡ್ ಮೈ ಇಮೇಲ್’, ಮೊಝಿಲ್ಲಾದ ‘ಫೈರ್‌ಫಾಕ್ಸ್ ರಿಲೇ’ ಮುಂತಾದವು ಒದಗಿಸುವುದು ಮರೆವಿಳಾಸವನ್ನು: ಅರ್ಥವಿಲ್ಲದ ಅಕ್ಷರಗಳ ಒಂದು ವಿಳಾಸಕ್ಕೆ ಬಂದ ಪತ್ರ ನಿಜವಾದ ಪೆಟ್ಟಿಗೆಗೆ ಹರಿದು ಬರುತ್ತದೆ, ಬೇಡವೆನಿಸಿದ ದಿನ ಆ ಒಂದು ಕಾಲುವೆಯನ್ನು ಮಾತ್ರ ಮುಚ್ಚಿಬಿಡಬಹುದು. ಪ್ಲಸ್ಸಿನ ಬಾಲವನ್ನಾದರೋ ಕಳಿಸುವವರು ಸುಲಭವಾಗಿ ಕತ್ತರಿಸಿಹಾಕಬಲ್ಲರು. ಭದ್ರತೆಯ ದೃಷ್ಟಿಯಿಂದ ಮರೆವಿಳಾಸವೇ ಮೇಲೆಂಬುದನ್ನು ಒಪ್ಪಲೇಬೇಕು.

ಆದರೂ ಬಾಲವುಳ್ಳ ವಿಳಾಸದ ಮೇಲೆಯೇ ಮನಸ್ಸು ನಿಲ್ಲುವುದಕ್ಕೆ ಕಾರಣ, ಕರೆದವರು ಯಾರೆಂಬುದನ್ನು ಕರೆದ ಹೆಸರೇ ಹೇಳುವ ಪದ್ಧತಿ ಕನ್ನಡದ ಮನೆಗಳಲ್ಲಿ ಬಹಳ ಹಳೆಯದು ಎಂಬುದು. ಹಾಜರಿ ಪುಸ್ತಕದಲ್ಲಿ ವೆಂಕಟಸುಬ್ಬಯ್ಯನಾದವನು ಅಜ್ಜಿಗೆ ಪುಟ್ಟು, ಸೋದರಮಾವನ ಮನೆಯಲ್ಲಿ ಸುಬ್ಬು, ಕಚೇರಿಯಲ್ಲಿ ಬರಿಯ ಎರಡು ಇನಿಷಿಯಲ್; ಹಿತ್ತಲ ಕಡೆಯಿಂದ ಪುಟ್ಟೂ ಎಂಬ ಕೂಗು ಬಂದರೆ, ಮುಖ ಕಾಣದಿದ್ದರೂ ಬಂದವರು ಯಾವ ಕಡೆಯ ನೆಂಟರೆಂದು ಅವನಿಗೆ ತಿಳಿಯುತ್ತಿತ್ತು. ನಡುಮನೆಯ ಗೋಡೆಯಲ್ಲಿ ತೂಗುತ್ತಿದ್ದ ಕೊಕ್ಕೆತಂತಿಗೆ ಚುಚ್ಚಿಟ್ಟ ಕಾಗದಗಳೂ ಹಾಗೆಯೇ. ಒಂದರ ತಲೆಯ ಮೇಲೆ ಚಿರಂಜೀವಿ, ಅದರ ಕೆಳಗಿನದರಲ್ಲಿ ತೀರ್ಥರೂಪ, ಇನ್ನೊಂದರಲ್ಲಿ ಮ. ರಾ. ರಾ. ಎಂಬ ಗೌರವದ ಮೂರಕ್ಷರ, ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ್ದರೆ ಮದುವೆಯ ಕರೆಯೋಲೆ: ಒಳಗಿನ ಸಾಲನ್ನು ಓದುವ ಮೊದಲೇ ಬರೆದವರ ಸಂಬಂಧ ಕೈಗೆ ಸಿಗುತ್ತಿತ್ತು. ಎಲ್ಲರಿಗೂ ಒಂದೇ ವಿಳಾಸವನ್ನು ಕೊಟ್ಟ ದಿನದಿಂದ ಈ ಗುರುತು ಅಳಿಸಿಹೋಯಿತು. ತಂಗಿಯ ಪತ್ರವೂ ಪಾದರಕ್ಷೆಯ ರಿಯಾಯಿತಿಯೂ ಒಂದೇ ಹೆಸರು ಹಿಡಿದು ಕೂಗುತ್ತವೆ. ಅರ್ಜಿಪುಟವು ಪ್ಲಸ್ಸನ್ನು ನಿರಾಕರಿಸಿದಾಗ ಆಗುವ ಬೇಸರದ ಮೂಲ ಇರುವುದು ಇಲ್ಲಿಯೇ.

ಭಿನ್ನ ಹೆಸರು ಕೊಡುವುದು ಮೋಸವಲ್ಲವೇ ಎಂದು ಕೇಳುವವರಿಗೆ ವಿರಾಟಪರ್ವವನ್ನು ನೆನಪಿಸಬೇಕು. ಅಜ್ಞಾತವಾಸದ ವರ್ಷಕ್ಕೆಂದು ಪಾಂಡವರು ಇಟ್ಟುಕೊಂಡ ಕಂಕ, ವಲಲ, ಬೃಹನ್ನಳೆ ಮೊದಲಾದ ಹೆಸರುಗಳನ್ನು ಎಲ್ಲರೂ ಬಲ್ಲರು; ಅವುಗಳ ಹಿಂದೆ ಜಯ, ಜಯಂತ, ವಿಜಯ, ಜಯತ್ಸೇನ, ಜಯದ್ಬಲ ಎಂಬ ಇನ್ನೂ ಐದು ಗುಟ್ಟಿನ ಹೆಸರುಗಳನ್ನು ಧರ್ಮರಾಯನು ತಮ್ಮೊಳಗೆ ಇಟ್ಟಿದ್ದನೆಂಬುದು ವ್ಯಾಸಭಾರತದಲ್ಲಿದೆ. ಕೀಚಕನ ಶವದೊಡನೆ ಸುಡಲೆಂದು ಅವನ ಬಂಧುಗಳು ಸೈರಂಧ್ರಿಯೆಂಬ ಹೆಸರಿನಲ್ಲಿದ್ದ ದ್ರೌಪದಿಯನ್ನು ಕಟ್ಟಿ ಹೊತ್ತೊಯ್ಯುವಾಗ ಅವಳು ಕೂಗಿದ್ದು ಈ ಐದನ್ನೇ. ಕಾಪಾಡಬಲ್ಲವರನ್ನು ಲೋಕ ಬಲ್ಲ ಹೆಸರಿನಿಂದ ಕರೆದಿದ್ದರೆ ವರ್ಷದ ವ್ರತ ಮುರಿಯುತ್ತಿತ್ತು, ಅಡುಗೆಯವನನ್ನೋ ನಾಟ್ಯದ ಗುರುವನ್ನೋ ಕರೆದಿದ್ದರೂ ಊರಿಗೆ ಸಂಶಯ ಬರುತ್ತಿತ್ತು. ಆ ಐದು ಹೆಸರುಗಳನ್ನು ಕೇಳಿದ ಭೀಮನಿಗೆ ಮಾತ್ರ ಕರೆದವಳು ಯಾರು, ಕರೆ ಎಷ್ಟು ತುರ್ತಿನದು ಎಂಬುದೆರಡೂ ಒಟ್ಟಿಗೆ ತಿಳಿದವು, ಅವನು ಕೋಟೆಗೋಡೆಯನ್ನು ಹಾರಿ ಸ್ಮಶಾನದತ್ತ ಓಡಿದನು.

ಅದೇ ಪರ್ವದಲ್ಲಿ, ಕೌರವರ ಬೇಹುಗಾರರು ಪಾಂಡವರನ್ನು ಹುಡುಕಿ ಸೋತು ಬಂದಾಗ, ಭೀಷ್ಮನು ಹೇಳುವ ಮಾತು ಇನ್ನೂ ಸೊಗಸಾದುದು: ಯುಧಿಷ್ಠಿರನಿರುವ ನಾಡಿನಲ್ಲಿ ಮೋಡಗಳು ಕಾಲಕಾಲಕ್ಕೆ ಸುರಿಯುತ್ತವೆ, ಪೈರು ಹುಲುಸಾಗಿರುತ್ತದೆ, ಅಂಥ ನಾಡನ್ನು ಹುಡುಕಬೇಕು ಎಂದು. ಹೆಸರನ್ನು ಎಷ್ಟು ಮರೆಮಾಡಿದರೂ ಮಳೆಯೇ ವಿಳಾಸವನ್ನು ಹೇಳಿಬಿಡುತ್ತದೆಂಬ ಈ ನಂಬಿಕೆಗೂ, ಮುಂಗಾರು ಕೈಕೊಟ್ಟ ವರ್ಷ ಕರ್ನಾಟಕದ ಹಳ್ಳಿಗಳಲ್ಲಿ ಕುಮಾರವ್ಯಾಸನ ವಿರಾಟಪರ್ವವನ್ನು ಓದಿಸುವ ವಾಡಿಕೆಗೂ ನಂಟಿರಬೇಕು. ದೇವಸ್ಥಾನದ ಪಡಸಾಲೆಯಲ್ಲಿ ಗಮಕಿಯು ಷಟ್ಪದಿಯನ್ನು ರಾಗವಾಗಿ ಹಾಡುತ್ತಾರೆ, ಪಕ್ಕದವರು ಅರ್ಥ ಬಿಡಿಸುತ್ತಾರೆ, ಕಂಬಕ್ಕೊರಗಿ ಕುಳಿತ ರೈತರು ಕಥೆಯ ನಡುನಡುವೆ ಕತ್ತು ಹೊರಚಾಚಿ ಆಕಾಶ ನೋಡುತ್ತಾರೆ, ಗೋಗ್ರಹಣದ ಭಾಗ ಬರುವ ಹೊತ್ತಿಗೆ ಪಡುವಣದಲ್ಲಿ ಸ್ವಲ್ಪ ಕಪ್ಪಾದರೂ ಸಾಕು, ಯಾರೋ ಎದ್ದು ಅಂಗಳದಲ್ಲಿ ಒಣಹಾಕಿದ್ದ ಚಾಪೆಯನ್ನು ಒಳಗೆ ತರುತ್ತಾರೆ.