ಚಿಕ್ಕಮ್ಮ ಕೇಳಿದ ಪ್ರಶ್ನೆ

ಮದುವೆಗೆ ಮುಂಚೆ ನಾನು ಮಂಗಳೂರಿನ ವಕೀಲರೊಬ್ಬರ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದೆ. ಸಂಜೆ ಕಡತಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದು, ಬೇಡವಾದ ಪ್ರತಿಗಳನ್ನು ಹರಿದು ಹಾಕುವುದು ನನ್ನ ಕೆಲಸ. ಒಡವೆಗಳ ಪಟ್ಟಿ, ಆಸ್ಪತ್ರೆಯ ಚೀಟಿ, ಗಂಡ ಬರೆದ ಪತ್ರ... ಎಷ್ಟೋ ಹೆಣ್ಣುಮಕ್ಕಳ ಬದುಕೇ ಅವುಗಳಲ್ಲಿತ್ತು.

ಒಮ್ಮೆ ಚಿಕ್ಕಮ್ಮ ಬಂದರು. ಮಗನಿಗೆ ನೋಡಿದ ಹುಡುಗಿಯ ಅಕ್ಕನ ತಲಾಕ್ ಮೊಕದ್ದಮೆ ನಮ್ಮಲ್ಲಿದೆಯೆಂದು ಯಾರೋ ಹೇಳಿದ್ದರಂತೆ. "ತಪ್ಪು ಯಾರದ್ದು?" ಎಂದು ಕೇಳಿದರು.

"ಅಂತಹ ಕಡತ ಇದೆಯೋ ಇಲ್ಲವೋ ಎಂಬುದನ್ನೂ ನಾನು ಹೇಳಬಾರದು" ಎಂದೆ.

"ಸ್ವಂತದವರಿಗೂ?" ಎಂದವರು ಮುನಿಸಿಕೊಂಡು ಚಹಾ ಕುಡಿಯದೆ ಹೋದರು.

ಕಕ್ಷಿದಾರರು ವಕೀಲರಲ್ಲಿ ಹೇಳಿಕೊಂಡದ್ದನ್ನು ಅವರ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸಬಾರದೆಂದು 1872ರ ಸಾಕ್ಷ್ಯ ಕಾಯ್ದೆಯಲ್ಲೇ ಇತ್ತು. 2024ರ ಜುಲೈ 1ರಂದು ಅದರ ಬದಲಿಗೆ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮೂ ಅದನ್ನೇ ಹೇಳುತ್ತದೆ. ಗುಮಾಸ್ತರಿಗೂ ಇದು ಅನ್ವಯಿಸುತ್ತದೆ. ಕೆಲಸ ಮುಗಿದರೂ ಬಾಧ್ಯತೆ ಮುಗಿಯುವುದಿಲ್ಲ. ಕಾನೂನುಬಾಹಿರ ಉದ್ದೇಶಕ್ಕಾಗಿ ಆಡಿದ ಮಾತಿಗೆ ಈ ರಕ್ಷಣೆಯಿಲ್ಲ.

ವರ್ಷಗಳ ನಂತರ ಚಿಕ್ಕಮ್ಮ ಮತ್ತೆ ಬಂದರು. ಈ ಬಾರಿ ಅವರ ಮಗಳೇ ವಕೀಲರ ಮೆಟ್ಟಿಲು ಹತ್ತಬೇಕಾಗಿತ್ತು.

"ಅಲ್ಲಿ ಹೇಳಿದ್ದು ಹೊರಗೆ ಹೋಗುವುದಿಲ್ಲ ತಾನೇ?" ಎಂದು ಮೆಲ್ಲನೆ ಕೇಳಿದರು.

"ಅದು ನಿಮಗೇ ಗೊತ್ತಲ್ಲ, ಚಿಕ್ಕಮ್ಮ" ಎಂದೆ. ಅಂದು ಅವರು ಚಹಾ ಕುಡಿದೇ ಹೋದರು.